ನೆರೆಯವರ ಹಬ್ಬ, ನೆಲದ ಕಾನೂನು

ಡಿಸೆಂಬರ್ ತಿಂಗಳ ಕೊನೆಯ ವಾರಗಳಲ್ಲಿ ಸೊಲ್ಲಾಪುರದ ಚರ್ಚುಗಳು ನಕ್ಷತ್ರದೀಪಗಳಿಂದ ಬೆಳಗುತ್ತವೆ. ಕ್ಯಾರಲ್ ಹಾಡುತ್ತ ಮನೆಮನೆಗೆ ಹೋಗುವುದು, ಗೋದಲಿ ನೋಡಲು ನೆರೆಹೊರೆಯವರನ್ನು ಕರೆಯುವುದು, ರೋಗಿಗಳಿಗೆ ಹಣ್ಣು, ಬಡವರಿಗೆ ಕಂಬಳಿ ಹಂಚುವುದು ಕ್ರಿಸ್ಮಸ್ಸಿನ ಹಳೆಯ ವಾಡಿಕೆಗಳು. ಕರಾವಳಿ ಕರ್ನಾಟಕದಲ್ಲಿ ಕುಸ್ವಾರಿನ ತಟ್ಟೆ ಹಿಂದೂ, ಮುಸ್ಲಿಂ ಮನೆಗಳಿಗೂ ಹೋಗುತ್ತದೆ. ಕಾರ್ಕಳದ ಅತ್ತೂರು ಸಂತ ಲಾರೆನ್ಸರ ಹಬ್ಬವನ್ನು ಜನ ಜಾತ್ರೆಯೆಂದೇ ಕರೆಯುತ್ತಾರೆ. ಎಲ್ಲ ಮತದವರೂ ಅಲ್ಲಿ ಮೊಂಬತ್ತಿ ಹಚ್ಚುತ್ತಾರೆ.

ಹೀಗಿದ್ದರೂ ಇತ್ತೀಚಿನ ವರ್ಷಗಳಲ್ಲಿ ಒಂದು ಪ್ರಶ್ನೆ ಪದೇಪದೇ ಕೇಳಿಬರುತ್ತಿದೆ: ಇದು ನೆರೆಹೊರೆಯ ಪ್ರೀತಿಯೋ, ಮತಾಂತರದ ಮೊದಲ ಮೆಟ್ಟಿಲೋ? ಪ್ರಶ್ನೆ ಕೇಳುವುದು ತಪ್ಪಲ್ಲ. ಆದರೆ ಉತ್ತರವನ್ನು ವದಂತಿಯಿಂದ ಪಡೆಯುವುದು ಅಪಾಯ. ಅದನ್ನು ಕೊಡಬೇಕಾದದ್ದು ನೆಲದ ಕಾನೂನು.

ಸಂವಿಧಾನದ 25ನೇ ವಿಧಿಯು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟು, ಧರ್ಮವನ್ನು ನಂಬುವ, ಆಚರಿಸುವ ಮತ್ತು ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಸಮಾನವಾಗಿ ನೀಡಿದೆ. ‘ಪ್ರಚಾರ’ ಎಂಬ ಪದ ಅಲ್ಲಿ ಸುಲಭವಾಗಿ ಬಂದು ಕೂರಲಿಲ್ಲ. 1948ರ ಡಿಸೆಂಬರ್ 6ರಂದು ಸಂವಿಧಾನ ಸಭೆಯಲ್ಲಿ ಅದರ ಮೇಲೆ ಬಿಸಿಬಿಸಿ ಚರ್ಚೆಯಾಯಿತು. ಲೋಕನಾಥ ಮಿಶ್ರರು ವಿರೋಧಿಸಿದರು, ಕೆ.ಎಂ. ಮುನ್ಷಿ ಬೆಂಬಲಿಸಿದರು. ಕ್ರೈಸ್ತ ಶಾಲೆಗಳಲ್ಲಿ ಸುಮಾರು 14 ವರ್ಷ ಓದಿದರೂ ತಮ್ಮನ್ನು ಮತಾಂತರಿಸುವ ಯತ್ನ ನಡೆಯಲಿಲ್ಲವೆಂದು ಟಿ.ಟಿ. ಕೃಷ್ಣಮಾಚಾರಿ ಸಭೆಗೆ ತಿಳಿಸಿದರು. ಪದ ಉಳಿಯಿತು.

ಅದರ ಎಲ್ಲೆಯನ್ನು 1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಗುರುತಿಸಿತು. ತನ್ನ ಧರ್ಮದ ತತ್ತ್ವಗಳನ್ನು ವಿವರಿಸಿ ಹರಡಲು ಹಕ್ಕುಂಟು. ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಯಾರಿಗೂ ಇಲ್ಲ. ಏಕೆಂದರೆ ಆ ಇನ್ನೊಬ್ಬನಿಗೂ ಅಂತಃಕರಣದ ಸ್ವಾತಂತ್ರ್ಯ ಅಷ್ಟೇ ಇದೆ. ಹಾಗಾಗಿ ಹಬ್ಬಕ್ಕೆ ಕರೆಯುವುದು, ಹಾಡುವುದು, ಕೇಳಿದವರಿಗೆ ಕ್ರಿಸ್ತನ ಕಥೆ ಹೇಳುವುದು ಹಕ್ಕಿನ ಒಳಗಿವೆ. ಕಂಬಳಿಯ ಜೊತೆಗೆ ಷರತ್ತನ್ನು ಕೊಡುವುದು, ಮಕ್ಕಳ ಫೀಸಿಗೆ ಪ್ರತಿಯಾಗಿ ನಂಬಿಕೆಯನ್ನು ಕೇಳುವುದು ಅದರ ಹೊರಗಿವೆ. ಇದೇ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಕ್ಯಾರಲ್ ತಂಡವನ್ನು ಬೀದಿಯಲ್ಲಿ ತಡೆದು ವಿಚಾರಣೆ ನಡೆಸುವ ಅಧಿಕಾರವನ್ನು ಯಾವ ಕಾನೂನೂ ಗುಂಪಿಗೆ ಕೊಟ್ಟಿಲ್ಲ. ದೂರು ಇದ್ದವರಿಗೆ ಪೊಲೀಸ್ ಠಾಣೆ ಇದೆ, ನ್ಯಾಯಾಲಯವಿದೆ.

ಚರ್ಚುಗಳಿಗೂ ಕರ್ತವ್ಯಗಳಿವೆ. ಚೆನ್ನೈನ ಚರ್ಚೊಂದರ ಧ್ವನಿವರ್ಧಕದ ವಿರುದ್ಧ ನೆರೆಯವರು ಹೂಡಿದ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ, ಅನ್ಯರ ನೆಮ್ಮದಿ ಕೆಡಿಸಿ ಪ್ರಾರ್ಥಿಸೆಂದು ಯಾವ ಧರ್ಮವೂ ವಿಧಿಸಿಲ್ಲವೆಂದು 2000ದಲ್ಲಿ ತೀರ್ಪಾಯಿತು. ಅದೇ ವರ್ಷದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ವರ್ಷದಲ್ಲಿ 15 ದಿನ ಮೀರದಂತೆ ಹಬ್ಬಗಳಿಗೆ ನಡುರಾತ್ರಿಯವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ಈ ನಿಯಮ ಗಂಟೆ, ಬಾಂಗು, ಭಜನೆ ಎಂದು ಭೇದ ಮಾಡುವುದಿಲ್ಲ.

ನೆರೆಯವರ ಮನೆಬಾಗಿಲಿಗೆ ಹೋಗುವವರು ಅವರ ಭಾಷೆಯಲ್ಲಿ ಹೋಗಬೇಕೆಂಬುದನ್ನು ಹಿಂದಿನ ಮಿಷನರಿಗಳು ಬಲ್ಲವರಾಗಿದ್ದರು. 1894ರಲ್ಲಿ ಕನ್ನಡಕ್ಕೆ ಮಹಾನಿಘಂಟು ಕೊಟ್ಟ ಕಿಟ್ಟೆಲ್, ಅದಕ್ಕೂ ಮೊದಲು 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ‘ಕಥಾಮಾಲೆ’ಯೆಂಬ ಕನ್ನಡ ಕಾವ್ಯವಾಗಿಸಿದರು. ಮರಾಠಿಯಲ್ಲಿ ನಾರಾಯಣ ವಾಮನ ಟಿಳಕರು ಸಂತಪರಂಪರೆಯ ಧಾಟಿಯಲ್ಲೇ ಕ್ರಿಸ್ತಗೀತೆಗಳನ್ನು ಬರೆದರು. ಕನ್ನಡ, ಮರಾಠಿ, ತೆಲುಗು, ಉರ್ದು ಒಂದೇ ಓಣಿಯಲ್ಲಿ ಕೇಳಿಸುವ ಸೊಲ್ಲಾಪುರಕ್ಕೆ ಈ ಪಾಠ ಇಂದಿಗೂ ಬೇಕು.

ಬೇಷರತ್ತಾದ ಸೇವೆಗೆ ಮಾದರಿ ಈ ನೆಲದಲ್ಲೇ ಇದೆ. ಅಕ್ಕಲಕೋಟದ ಸ್ವಾಮಿ ಸಮರ್ಥರ ಅನ್ನಛತ್ರದ ಪಂಕ್ತಿಯಲ್ಲಿ ಕುಳಿತವನಿಗೆ ಬೇಕಾದದ್ದು ಹಸಿವು ಮಾತ್ರ. ಸೊನ್ನಲಿಗೆಯ ಸಿದ್ಧರಾಮರು ಕಟ್ಟಿಸಿದ ಕೆರೆ ಕುಡಿಯುವವನ ಕುಲ ಕೇಳಲಿಲ್ಲ. ಕ್ರಿಸ್ಮಸ್ ಕಳೆದು ಮೂರು ವಾರಕ್ಕೆ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಬರುತ್ತದೆ. ಡಿಸೆಂಬರಿನಲ್ಲಿ ಕೇಕು ಪಡೆದ ಮನೆ ಜನವರಿಯಲ್ಲಿ ಎಳ್ಳು-ಬೆಲ್ಲ ಹಿಂತಿರುಗಿಸಿದರೆ, ಚರ್ಚಿನ ತರುಣರು ಜಾತ್ರೆಗೆ ಬಂದವರಿಗೆ ನೀರು ಕೊಟ್ಟರೆ, ಸಂಶಯಕ್ಕೆ ಉಳಿಯುವ ಜಾಗ ಕಡಿಮೆ.

ಗಡಿನಾಡ ಕನ್ನಡಿಗರು ಇದನ್ನು ಪರರ ವಿಷಯವೆಂದು ಬಿಡುವಂತಿಲ್ಲ. 2011ರ ಜನಗಣತಿಯಂತೆ ಮಹಾರಾಷ್ಟ್ರದ ಕ್ರೈಸ್ತರು ಸುಮಾರು 10 ಲಕ್ಷ. ಕನ್ನಡ ಮಾತೃಭಾಷಿಕರೂ ಸುಮಾರು ಅಷ್ಟೇ. ಸಂವಿಧಾನದ 30ನೇ ವಿಧಿಯು ಧರ್ಮದ ಅಲ್ಪಸಂಖ್ಯಾತರನ್ನೂ ಭಾಷೆಯ ಅಲ್ಪಸಂಖ್ಯಾತರನ್ನೂ ಒಂದೇ ವಾಕ್ಯದಲ್ಲಿ ಹೆಸರಿಸಿ, ಶಾಲೆ ಕಟ್ಟಿ ನಡೆಸುವ ಹಕ್ಕನ್ನು ಕೊಟ್ಟಿದೆ. 2002ರ ಟಿ.ಎಂ.ಎ. ಪೈ ತೀರ್ಪಿನಲ್ಲಿ 11 ನ್ಯಾಯಮೂರ್ತಿಗಳ ಪೀಠವು ಎರಡೂ ಬಗೆಯ ಅಲ್ಪಸಂಖ್ಯಾತರನ್ನು ರಾಜ್ಯವಾರು ಗುರುತಿಸಬೇಕೆಂದಿತು. ಅಕ್ಕಲಕೋಟ ತಾಲ್ಲೂಕಿನ ಕನ್ನಡ ಶಾಲೆಯೂ ಸೊಲ್ಲಾಪುರದ ಚರ್ಚಿನ ಶಾಲೆಯೂ ಒಂದೇ ಸೂರಿನಡಿ ನಿಂತಿವೆ. ಸೂರಿನ ಒಂದು ಹೆಂಚು ಕಿತ್ತರೆ ಮಳೆ ಒಬ್ಬರ ಮೇಲಷ್ಟೇ ಸುರಿಯುವುದಿಲ್ಲ. ಈ ಸಲ ಕ್ಯಾರಲ್ ತಂಡ ಬಾಗಿಲಿಗೆ ಬಂದರೆ ಬಾಗಿಲು ತೆರೆಯುವುದೂ ತೆರೆಯದಿರುವುದೂ ಮನೆಯವರ ಸ್ವಾತಂತ್ರ್ಯ. ಆದರೆ ಅವರು ನಿರ್ಭಯವಾಗಿ ಆ ಬೀದಿ ದಾಟುವಂತಿರಬೇಕು. ಅದು ಇಡೀ ಊರಿನ ಹೊಣೆ.