ಈ ಲಾಭ ಎಲ್ಲಿಂದ ಬಂತು?

ಸಹೋದರಿಯರೇ, 2019ರ ಜೂನ್ ತಿಂಗಳನ್ನು ನಮ್ಮಲ್ಲಿ ಹಲವರು ಮರೆತಿರಲಾರರು. ಬೆಂಗಳೂರಿನ ಶಿವಾಜಿನಗರದಲ್ಲಿ ಐಎಂಎ ಮಳಿಗೆಯ ಬಾಗಿಲು ಮುಚ್ಚಿತು. ಅದರ ಮಾಲೀಕ ಮನ್ಸೂರ್ ಖಾನ್ ದೇಶ ಬಿಟ್ಟು ಹೋದ. 'ಇದು ಬಡ್ಡಿಯಲ್ಲ, ವ್ಯಾಪಾರದ ಲಾಭದ ಪಾಲು' ಎಂಬ ಮಾತು ನಂಬಿ, ಮಗಳ ಮದುವೆಗೆಂದು ಕೂಡಿಟ್ಟದ್ದನ್ನೂ ಒಡವೆ ಮಾರಿದ ಹಣವನ್ನೂ ಇಟ್ಟಿದ್ದವರು ದೂರು ಕೊಡಲು ಸಾಲು ನಿಂತರು. ಮರುತಿಂಗಳು ದಿಲ್ಲಿಗೆ ಮರಳಿದಾಗ ಆತನ ಬಂಧನವಾಯಿತು. ಆದರೆ ಹೋದ ಹಣ ಅಷ್ಟು ಸುಲಭವಾಗಿ ಮರಳುವುದಿಲ್ಲ.

ಇಂಥ ಮಾತು ಬಂದಾಗ ನಾವು ಮಕ್ಕಳನ್ನು ಹೊರಗೆ ಆಡಲು ಕಳಿಸುತ್ತೇವೆ. ಆದರೂ ಅವರ ಕಿವಿ ಬಾಗಿಲಲ್ಲೇ ಇರುತ್ತದೆ. ಮೊನ್ನೆ ನನ್ನ ಏಳು ವರ್ಷದ ಮೊಮ್ಮಗಳು ಕೇಳಿಯೇಬಿಟ್ಟಳು: "ದಾದಿ, ದುಡ್ಡು ಅವರೇ ಕೊಟ್ಟರಲ್ಲ, ಮತ್ತೆ ಮೋಸ ಹೇಗಾಯಿತು?"

ಕಳ್ಳ ಕಿತ್ತುಕೊಳ್ಳುತ್ತಾನೆ, ಮೋಸಗಾರ ನಾವೇ ಕೊಡುವಂತೆ ಮಾಡುತ್ತಾನೆ ಎಂದೆ. ಅವಳಿಗೆ ತಿಳಿಯಲಿಲ್ಲ. ಚನ್ನಪಟ್ಟಣದ ಮರದ ಮಣಿಗಳ ಡಬ್ಬಿ ತೆಗೆದೆ. ಮೂವರು ಮಕ್ಕಳಿಗೆ ತಲಾ 10 ಮಣಿ ಹಂಚಿ, "ನನ್ನ ಬಳಿ ಇಡಿ, ದಿನಕ್ಕೆ 2 ಮಣಿ ಲಾಭ ಕೊಡುತ್ತೇನೆ" ಎಂದೆ. ಎರಡು ದಿನ ಕೊಟ್ಟೆ. ಮಕ್ಕಳಿಗೆ ಹಿಗ್ಗೋ ಹಿಗ್ಗು. ಮೂರನೆಯ ದಿನ, "ಈಗ ನಿಮ್ಮ 10 ಮಣಿ ವಾಪಸು ಕೇಳಿ" ಎಂದೆ. ಡಬ್ಬಿಯಲ್ಲಿ ಉಳಿದದ್ದು 18, ಕೊಡಬೇಕಾದದ್ದು 30!

ಮೊಮ್ಮಗಳು ಕಣ್ಣರಳಿಸಿ, "ಹಾಗಾದರೆ ನೀವು ಕೊಟ್ಟ ಲಾಭ ನಮ್ಮದೇ ಮಣಿಯಾ?" ಎಂದಳು. ದೊಡ್ಡವರು ಕೇಳಬೇಕಿದ್ದ ಪ್ರಶ್ನೆ ಅದು.

ನಿಜವಾದ ಲಾಭ ಯಾವುದೆಂದೂ ತೋರಿಸಿ. ಚನ್ನಪಟ್ಟಣದ ಕುಶಲಕರ್ಮಿ ಆಲೆಮರದ ತುಂಡನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಬೊಂಬೆ ಮಾಡಿ ಮಾರುತ್ತಾನೆ. ಕನಕಪುರ, ಮಾಗಡಿಯ ರೈತ ಹಿಪ್ಪುನೇರಳೆ ಬೆಳೆದು, ಹುಳು ಸಾಕಿ, ರಾಮನಗರದ ಮಾರುಕಟ್ಟೆಗೆ ಗೂಡು ತರುತ್ತಾನೆ. ಅಲ್ಲಿ ಹರಾಜು ನಡೆಯುತ್ತದೆ. ಒಮ್ಮೊಮ್ಮೆ ನಷ್ಟವೂ ಆಗುತ್ತದೆ. ಎಂದೂ ನಷ್ಟವಿಲ್ಲ ಎನ್ನುವ ವ್ಯಾಪಾರವನ್ನು ನಂಬಬಾರದು.

ಈಗ ಮೋಸಗಾರ ಮೊಬೈಲಿನಲ್ಲಿ ಬರುತ್ತಾನೆ. ಪುಟ್ಟ ಮಕ್ಕಳಿಗೆ ಮೂರು ಮಾತು ಕಲಿಸಿದರೆ ಸಾಕು. 'ಪುಕ್ಕಟೆ ಬಹುಮಾನ', 'ಬೇಗ ಒತ್ತು', 'ಅಮ್ಮಿಗೆ ಹೇಳಬೇಡ' – ಇವುಗಳಲ್ಲಿ ಒಂದು ಬಂದರೂ ಮೊಬೈಲನ್ನು ಕೆಳಗಿಟ್ಟು ಅಮ್ಮಿಯ ಬಳಿ ಓಡಿ ಬರಬೇಕು. ಒಟಿಪಿ ಎಂದರೆ ಮನೆಯ ಬೀಗದ ಕೈ, ಅದನ್ನು ಯಾರಿಗೂ ಕೊಡಬಾರದು. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕೆಂಬುದು ನಮಗೂ ನೆನಪಿರಲಿ.

ಕೊನೆಯ ಮಾತು ತಾಯಂದಿರಿಗೆ. ಮಗು ತಪ್ಪಿ ಏನೋ ಒತ್ತಿ ಅಳುತ್ತ ಬಂದರೆ ಹೊಡೆಯಬೇಡಿ. ಇಂದು ಹೊಡೆಸಿಕೊಂಡ ಮಗು ನಾಳೆ ಮುಚ್ಚಿಡುತ್ತದೆ. ಹಣ ಕಳೆದುಕೊಂಡ ಎಷ್ಟೋ ಹೆಂಗಸರು ಬೈಗುಳಕ್ಕೆ ಹೆದರಿ ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ನಾಚಿಕೆಪಡಬೇಕಾದವರು ಮೋಸ ಮಾಡಿದವರು, ಮೋಸಹೋದವರಲ್ಲ. ಈ ಮಾತನ್ನು ಮಕ್ಕಳು ನಮ್ಮ ಬಾಯಿಂದಲೇ ಕೇಳಲಿ.