ನಿಷಾದಕ್ಕೇಕೆ ಈ ನಿರ್ಬಂಧ?

ಪಾಶ್ಚಾತ್ಯ ಪದ್ಧತಿಯಂತೆ ನಾಲ್ಕು ಕಂಠಗಳಿಗೆ ಸ್ವರಮೇಳ ಬರೆಯಲು ತೊಡಗಿದವನಿಗೆ ಮೊದಲು ದೊರೆಯುವುದು ಸಂಗೀತವಲ್ಲ, ನಿಷೇಧಗಳ ಪಟ್ಟಿ. ಕೇಡೆನ್ಸಿನಲ್ಲಿ, ಎಂದರೆ ಸಂಗೀತದ ವಾಕ್ಯ ಬಂದು ನಿಲ್ಲುವೆಡೆಯಲ್ಲಿ, ನಿಷಾದವು ಮೇಲಿನ ಷಡ್ಜಕ್ಕೆ ಏರಲೇಬೇಕೆಂಬುದು ಅದರಲ್ಲೊಂದು ಅಪ್ಪಣೆ.

ನಮ್ಮ ಶಂಕರಾಭರಣದ ಸ್ವರಗಳಲ್ಲೇ ನೋಡೋಣ. ಪ-ನಿ-ರಿ-ಮ ಗುಚ್ಛದಿಂದ ಸ-ಗ-ಪ ಗುಚ್ಛಕ್ಕೆ ಬರಬೇಕು. ವಿಧೇಯ ವಿದ್ಯಾರ್ಥಿಯ ಕೈಯಲ್ಲಿ ಬಾಸ್ ಪಂಚಮದಿಂದ ಷಡ್ಜಕ್ಕೆ ಹಾರುತ್ತದೆ. ನಿಷಾದ ಏರುತ್ತದೆ, ರಿಷಭ ಇಳಿಯುತ್ತದೆ, ಮಧ್ಯಮ ಗಾಂಧಾರವಾಗುತ್ತದೆ. ಫಲ? ಮೂರು ಷಡ್ಜ, ಒಂದು ಗಾಂಧಾರ, ಪಂಚಮ ಮಾಯ! ನಿಯಮ ಉಳಿಯಿತು, ಮೇಳ ಬಡವಾಯಿತು.

ಬಾಖ್ ಏನು ಮಾಡಿದ? ಜರ್ಮನಿಯ ಲೂಥರನ್ ಭಕ್ತಿಗೀತೆಗಳಾದ ಕೋರಾಲ್‌ಗಳಿಗೆ ಅವನು ಹೆಣೆದ ಮೇಳಗಳಲ್ಲಿ ಆಲ್ಟೊ ಅಥವಾ ಟೆನರಿನ ನಿಷಾದ ಎಷ್ಟೋ ಸಲ ಪಂಚಮಕ್ಕೆ ಇಳಿಯುತ್ತದೆ. ಮೇಲಿನ ದನಿ ಷಡ್ಜ ಮುಟ್ಟುವುದರಿಂದ ಕಿವಿಗೆ ಕೊರತೆ ತೋರದು, ಮೇಳವೂ ತುಂಬುತ್ತದೆ.

ನಿಯಮವೇ ಬೇಡವೆಂದಲ್ಲ. ಸೊಪ್ರಾನೊದಲ್ಲಿ ನಿಷಾದವಿದ್ದರೆ ಏರಲಿ. ಅಲ್ಲಿ ಕೇಳುವವರ ಕಿವಿಯೆಲ್ಲ ಅದರ ಮೇಲೆಯೇ. ಆದರೆ ಕಾರಣ ಹೇಳದ ನಿಯಮ ಬರಿಯ ಕಾವಲುಗಾರ. 1784ರಿಂದ 1787ರವರೆಗೆ ಲೈಪ್‌ಜಿಗ್‌ನಲ್ಲಿ ಅಚ್ಚಾದ ಬಾಖನ ಕೋರಾಲ್ ಸಂಪುಟಗಳಲ್ಲಿ ಸಾಹಿತ್ಯವನ್ನೇ ಬಿಟ್ಟರು. ಹಾಡುವ ಗೀತೆ ಲೆಕ್ಕದ ಪಾಠವಾಗಲು ಇನ್ನೇನು ಬೇಕು?

ಗುರುಗಳೇ, ನಾಲ್ವರನ್ನು ನಿಲ್ಲಿಸಿ ಎರಡು ಬಗೆಯ ನಿಲುಗಡೆಯನ್ನೂ ಹಾಡಿಸಿ. ಕಿವಿ ತೀರ್ಪು ಕೊಡಲಿ. ಕೆಂಪು ಮಸಿ ಆಮೇಲೆ ಬರಲಿ.