ಆಕಾಶಕ್ಕೆ ಅಪ್ಪಣೆ ಬೇಡ, ನೆಲಕ್ಕೆ ಬೇಕು

2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣ ನೆನಪಿದೆಯಲ್ಲ? ಅವತ್ತು ಭಾನುವಾರ. ರಾತ್ರಿ 11ರಿಂದ 12 ಗಂಟೆ 22 ನಿಮಿಷದವರೆಗೆ ಚಂದ್ರ ಪೂರ್ತಿ ಕೆಂಪಾಗುವ ಲೆಕ್ಕ. ನಮ್ಮ ಹಳೆಯ ವಿದ್ಯಾರ್ಥಿಗಳು ನಾಲ್ಕು ಜನ ಪೆದ್ದಕಡುಬೂರಿನ ಹೊರಗೆ, ಸರ್ಕಾರಿ ಬಯಲಿನಲ್ಲಿ, ಕ್ಯಾಮೆರಾ ಸ್ಟ್ಯಾಂಡ್ ಇಟ್ಟುಕೊಂಡು ನಿಂತಿದ್ದರು. ಮೋಡ ಸರಿಯಲಿ ಎಂದು ಕಾಯುತ್ತಿದ್ದವರಿಗೆ ಎದುರಾದದ್ದು ಒಂದು ಪ್ರಶ್ನೆ. "ಯಾರನ್ನ ಕೇಳಿ ಬಂದ್ರಿ?" ಉತ್ತರ ಗೊತ್ತಿರಲಿಲ್ಲ. ಸ್ಟ್ಯಾಂಡ್ ಮಡಚಿಕೊಂಡು ಮನೆಗೆ ಬಂದರು.

ಮರುದಿನ ನಮ್ಮ ಹತ್ತಿರ ಬಂದು, "ಯಾರನ್ನ ಕೇಳಬೇಕಿತ್ತು ಸಾರ್?" ಅಂದರು. ನಿಜ ಹೇಳಬೇಕೆಂದರೆ ನಮಗೂ ಗೊತ್ತಿರಲಿಲ್ಲ! ಒಂದು ಕಚೇರಿಗೆ ಹೋದರೆ ಇನ್ನೊಂದನ್ನು ತೋರಿಸಿದರು. ಅಲ್ಲಿ ಒಬ್ಬರು ನಗುತ್ತಾ, "ನಕ್ಷತ್ರ ನೋಡೋಕಾ, ನಿಧಿ ಅಗೆಯೋಕಾ?" ಎಂದು ಕೇಳಿದರು. ನಮಗೂ ನಗು ಬಂತು. ಆದರೆ ಆ ಮಾತಿನಲ್ಲಿ ಅರ್ಥ ಇಲ್ಲದೆ ಇಲ್ಲ. ನಮ್ಮ ಸೀಮೆಯಲ್ಲಿ ರಾತ್ರಿ ಹೊತ್ತು ಬಯಲಲ್ಲಿ ಬ್ಯಾಟರಿ ಬೆಳಕು ಕಂಡರೆ ಮೊದಲು ಬರುವ ಅನುಮಾನವೇ ಗುಪ್ತನಿಧಿಯದು. ಹಾವು, ಹುಳ, ಕುಡುಕರ ಕಾಟ ಬೇರೆ. ಕೇಳುವವರು ಕೇಳಿದ್ದು ತಪ್ಪಲ್ಲ. ಕೇಳಿದಾಗ ತೋರಿಸಲು ನಮ್ಮ ಕೈಯಲ್ಲಿ ಒಂದು ಕಾಗದ ಇಲ್ಲದಿದ್ದದ್ದು ತಪ್ಪು.

ಆಮೇಲೆ ನಾವು ತಿಳಿದುಕೊಂಡದ್ದು ಇಷ್ಟು. ಆಕಾಶದ ಫೋಟೋ ತೆಗೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಬೇಕಾಗುವುದು ಕಾಲಿಡುವ ನೆಲಕ್ಕೆ. ಶಾಲೆಯ ಮೈದಾನವಾದರೆ ಮುಖ್ಯೋಪಾಧ್ಯಾಯರು, ಊರ ಬಯಲಾದರೆ ಪಂಚಾಯಿತಿ, ಕಂದಾಯ ಭೂಮಿಯಾದರೆ ತಹಶೀಲ್ದಾರರು, ಕಾಲುವೆ ಏರಿಯಾದರೆ ನೀರಾವರಿ ಇಲಾಖೆ, ಮೀಸಲು ಅರಣ್ಯವಾದರೆ ಅರಣ್ಯ ಇಲಾಖೆ. ಅಭಯಾರಣ್ಯವಾದರೆ ಇನ್ನೂ ಬಿಗಿ. 1972ರ ವನ್ಯಜೀವಿ ಕಾಯ್ದೆಯ 28ನೇ ಕಲಮಿನ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರು ಪರವಾನಗಿ ಕೊಡಬೇಕು. ಆ ಕಲಮಿನಲ್ಲಿ ಫೋಟೋಗ್ರಫಿ ಎಂಬ ಮಾತೇ ಇದೆ. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳು ಸಾಮಾನ್ಯವಾಗಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮಾತ್ರ ತೆರೆದಿರುತ್ತವೆ. ಹಾಗಾಗಿ ರಾತ್ರಿ ಹೋಗಿ ನಿಂತರೆ ಸುಮ್ಮನೆ ಬಿಡುವುದಿಲ್ಲ.

ಮೊಬೈಲಿನಲ್ಲಿ ಥಟ್ಟನೆ ತೆಗೆದು ಓಡಿಬರಬಹುದಲ್ಲ ಎನ್ನುವವರಿದ್ದಾರೆ. ನಕ್ಷತ್ರದ ಫೋಟೋ ಹಾಗೆ ಬರುವುದಿಲ್ಲ. ಒಂದೊಂದು ಚಿತ್ರಕ್ಕೂ ಕ್ಯಾಮೆರಾದ ಕಣ್ಣು ಹದಿನೈದು ಇಪ್ಪತ್ತು ಸೆಕೆಂಡು ತೆರೆದಿರಬೇಕು, ಸ್ಟ್ಯಾಂಡ್ ಅಲುಗಬಾರದು. ಏಪ್ರಿಲ್ ತಿಂಗಳ ಕ್ಷೀರಪಥದ ನಡುಭಾಗ ಬೇಕೆಂದರೆ ನಡುರಾತ್ರಿ ದಾಟುವ ತನಕ ಕೂತಿರಬೇಕು. ಕದ್ದು ಮಾಡುವ ಕೆಲಸ ಅಲ್ಲ ಇದು.

ಹಾಗಾದರೆ ಅರ್ಜಿ ಯಾವ ಭಾಷೆಯಲ್ಲಿ? ನಮ್ಮ ಮಕ್ಕಳು ಹಿಂಜರಿಯುವುದು ಇಲ್ಲೇ. "ಕಚೇರಿಯಲ್ಲಿ ತೆಲುಗು ಸಾರ್, ನಮ್ಮದು ಕನ್ನಡ ಮೀಡಿಯಂ" ಎಂದು ಸುಮ್ಮನಾಗುತ್ತಾರೆ. ಗೆಳೆಯರೇ, ಸಂವಿಧಾನದ 350ನೇ ವಿಧಿ ನೋಡಿ. ಕುಂದುಕೊರತೆ ಹೇಳಿಕೊಳ್ಳುವ ಮನವಿಯನ್ನು ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಆದರೂ ನಮ್ಮ ಸಲಹೆ, ಕನ್ನಡದಲ್ಲಿ ಬರೆಯಿರಿ, ಜೊತೆಗೆ ತೆಲುಗಿನ ಪ್ರತಿಯನ್ನೂ ಇಡಿ. ಓದುವವರಿಗೂ ಸುಲಭವಾಗಬೇಕಲ್ಲ. ತಾರೀಖು, ವೇಳೆ, ಜಾಗ, ಎಷ್ಟು ಜನ, ಜವಾಬ್ದಾರಿ ಯಾರದು, ಬೆಂಕಿ ಹಾಕುವುದಿಲ್ಲ, ಡ್ರೋನ್ ಹಾರಿಸುವುದಿಲ್ಲ... ಒಂದು ಪುಟ ಸಾಕು. ಪೊಲೀಸ್ ಠಾಣೆಗೂ ಒಂದು ಪ್ರತಿ ಕೊಡಿ. ಸ್ವೀಕರಿಸಿದ್ದಕ್ಕೆ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಅಧಿಕಾರಿಗಳಿಗೂ ನಮ್ಮದೊಂದು ಮಾತಿದೆ. "ಇಲ್ಲ" ಎನ್ನುವುದು ಸುಲಭ, ಆದರೆ ಊರಿಗೆ ಅದರಿಂದ ಲಾಭವಿಲ್ಲ. ಲಡಾಖಿನ ಹಾನ್ಲೆಯಲ್ಲಿ 2022ರ ಡಿಸೆಂಬರಿನಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶವನ್ನು ಅಧಿಕೃತವಾಗಿ ಘೋಷಿಸಿದರು. ಅಲ್ಲಿ ಹಳ್ಳಿಯ 24 ಜನರಿಗೆ ಆಕಾಶ ತೋರಿಸುವ ತರಬೇತಿಯನ್ನೂ ದೂರದರ್ಶಕಗಳನ್ನೂ ಕೊಡಲಾಯಿತು. ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಇದರ ಹಿಂದೆ ನಿಂತದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಮಹಾರಾಷ್ಟ್ರದ ಪೆಂಚ್ ಹುಲಿ ಅಭಯಾರಣ್ಯಕ್ಕೆ 2024ರ ಜನವರಿಯಲ್ಲಿ ಇಂಥದೇ ಮನ್ನಣೆ ಸಿಕ್ಕಿತು. ಅಲ್ಲಿ ಸುತ್ತಲ ಹಳ್ಳಿಗಳ ಬೀದಿದೀಪಗಳನ್ನು ಬೆಳಕು ನೆಲಕ್ಕೆ ಮಾತ್ರ ಬೀಳುವಂತೆ ಬದಲಿಸಲಾಯಿತು. ನಾವು ಅಷ್ಟು ಕೇಳುತ್ತಿಲ್ಲ. ವರ್ಷಕ್ಕೆ ನಾಲ್ಕು ಅಮಾವಾಸ್ಯೆ, ಒಂದು ಬಯಲು, ಒಂದು ಸಹಿ. ಅಷ್ಟೇ.

ಸುಗ್ಗಿಗೆಂದು ಅಪ್ಪ ಅಮ್ಮನ ಜೊತೆ ಗುಂಟೂರಿನ ಮೆಣಸಿನಕಾಯಿ ಹೊಲಕ್ಕೆ ಹೋಗಿಬರುವ ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ. ಬಯಲಲ್ಲಿ ಮಲಗಿ ನಕ್ಷತ್ರ ನೋಡಿದ್ದು ನಮಗಿಂತ ಅವರೇ ಹೆಚ್ಚು. ಅದೇ ಆಕಾಶವನ್ನು ಕ್ಯಾಮೆರಾದಲ್ಲಿ ಹಿಡಿಯಲು ಹೊರಟಾಗ ಅವರು ಕಳ್ಳರಂತೆ ನಿಲ್ಲಬೇಕಾಗಿ ಬರಬಾರದು.

ಮೊದಲ ಹೆಜ್ಜೆ ಶಾಲೆಯ ಮೈದಾನದಲ್ಲೇ ಆಗಲಿ. ಡಿಸೆಂಬರ್ 13, 14ರ ರಾತ್ರಿ ಮಿಥುನ ರಾಶಿಯ ದಿಕ್ಕಿನಿಂದ ಉಲ್ಕೆಗಳು ಬೀಳುತ್ತವೆ. ಹೆಣ್ಣುಮಕ್ಕಳೂ ಬರಲಿ, ಅವರ ತಾಯಂದಿರೂ ಬರಲಿ. ಆದರೆ ಅನುಮತಿ ಪತ್ರವನ್ನು ನಾವು ಮೇಷ್ಟ್ರು ಬರೆದುಕೊಡುವುದು ಬೇಡ, ಮಕ್ಕಳೇ ಬರೆಯಲಿ. ಎಂಟನೇ ತರಗತಿಯಲ್ಲಿ ಪತ್ರಲೇಖನ ಕಲಿಸುತ್ತೇವೆ, ಅಂಕವನ್ನೂ ಹಾಕುತ್ತೇವೆ. ಒಂದು ಸಲವಾದರೂ ಆ ಪತ್ರ ನಿಜವಾದ ಮೇಜಿನ ಮೇಲೆ ಹೋಗಿ ಕೂರಲಿ.